ಗೋಡೆಗಳ ನಡುವೆ ದೇಶಗಳು: ಹ್ಯಾಮಿಲ್ಟನ್ ಗಾರ್ಡನ್ಸ್‌ನ ಒಂದು ವಿಮರ್ಶೆ

ಹ್ಯಾಮಿಲ್ಟನ್ ಗಾರ್ಡನ್ಸ್ ನ್ಯೂಜಿಲೆಂಡ್‌ನ ಉತ್ತರ ದ್ವೀಪದಲ್ಲಿರುವ ಹ್ಯಾಮಿಲ್ಟನ್ ನಗರದ ಸಾರ್ವಜನಿಕ ಉದ್ಯಾನ. ಆಕ್ಲೆಂಡ್‌ನಿಂದ ದಕ್ಷಿಣಕ್ಕೆ ಸುಮಾರು 125 ಕಿ.ಮೀ. ದೂರದ ಈ ಊರಿನಲ್ಲಿ, ವೈಕಾಟೊ ನದಿಯ ದಂಡೆಗೆ ಹೊಂದಿಕೊಂಡು ಸುಮಾರು 54 ಹೆಕ್ಟೇರ್ ಜಾಗದಲ್ಲಿ ಅದು ಹರಡಿಕೊಂಡಿದೆ. ಮೊಘಲರ ಚಾರ್‌ಬಾಗ್, ಸೋಂಗ್ ಕಾಲದ ಚೀನೀ ವಿದ್ವಾಂಸರ ತೋಟ, ಝೆನ್ ಮಠದ ಕಲ್ಲು-ಮರಳಿನ ಅಂಗಳ, ಪುನರುಜ್ಜೀವನ ಕಾಲದ ಇಟಲಿಯ ಉದ್ಯಾನ, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಹೂದೋಟ, ಇಪ್ಪತ್ತನೆಯ ಶತಮಾನದ ಅಮೆರಿಕದ ಹಿತ್ತಲು, ಮೂಲನಿವಾಸಿ ಮಾವೊರಿ ಜನರ ಗೆಣಸಿನ ಹೊಲ ಇವೆಲ್ಲ ಅಲ್ಲಿ ಒಂದೇ ಆವರಣದೊಳಗಿವೆ. ಅಂತಾರಾಷ್ಟ್ರೀಯ ಉದ್ಯಾನ ಪ್ರವಾಸೋದ್ಯಮ ಪ್ರಶಸ್ತಿಗಳಲ್ಲಿ 2014ರ ‘ವರ್ಷದ ಉದ್ಯಾನ’ ಗೌರವ ಇದಕ್ಕೆ ಸಂದಿದೆ.

ಇದು ಸಸ್ಯಶಾಸ್ತ್ರೀಯ ಉದ್ಯಾನವಲ್ಲ. ಸಸ್ಯೋದ್ಯಾನದಲ್ಲಿ ಗಿಡಗಳನ್ನು ಕುಲ, ಪ್ರಭೇದ, ತವರುನೆಲ ಎಂದು ವಿಂಗಡಿಸಿ ಬೆಳೆಸುತ್ತಾರೆ. ಅಲ್ಲಿ ಗಿಡವೇ ಮುಖ್ಯ, ತೋಟ ಅದರ ಮನೆ ಮಾತ್ರ. ಹ್ಯಾಮಿಲ್ಟನ್‌ನಲ್ಲಿ ತೋಟವೇ ವಸ್ತು. ಮನುಷ್ಯ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ನೆಲದಲ್ಲಿ ಏಕೆ ತೋಟ ಕಟ್ಟಿದ, ಅದರಿಂದ ಏನನ್ನು ಬಯಸಿದ ಎಂಬುದನ್ನು ತೋಟಗಳ ಮೂಲಕವೇ ಹೇಳುವುದು ಇದರ ಗುರಿ. ಭೂದೃಶ್ಯ ವಾಸ್ತುಶಿಲ್ಪಿ ಪೀಟರ್ ಸರ್ಜೆಲ್ ಈ ಕಲ್ಪನೆಯನ್ನು ರೂಪಿಸಿ, ದಶಕಗಳ ಕಾಲ ನಿರ್ದೇಶಕರಾಗಿ ಅದನ್ನು ಕಾರ್ಯಗತಗೊಳಿಸಿದರು. ಹಾಗಾಗಿ ಈ ಉದ್ಯಾನವನ್ನು ಅಳೆಯಬೇಕಾದ ಗಜಕಡ್ಡಿಯೂ ಬೇರೆ. ಇಲ್ಲಿ ಎಷ್ಟು ಜಾತಿಯ ಗಿಡಗಳಿವೆ ಎಂಬುದಾಗಲಿ, ಜಪಾನಿನ ತೋಟ ಜಪಾನಿನಲ್ಲಿರುವಂತೆಯೇ ಇದೆಯೇ ಎಂಬುದಾಗಲಿ ಮುಖ್ಯ ಪ್ರಶ್ನೆಯಲ್ಲ. ಒಂದು ತೋಟದ ಹಿಂದಿರುವ ವಿಚಾರ ನೋಡುಗನಿಗೆ ತಲುಪುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ.

ನೆಲದ ಹಿನ್ನೆಲೆ

ಉದ್ಯಾನ ನಿಂತಿರುವ ನೆಲಕ್ಕೆ ತನ್ನದೇ ಚರಿತ್ರೆಯಿದೆ. ಇಲ್ಲಿ ಹಿಂದೆ ತೆ ಪಾರಾಪಾರಾ ಎಂಬ ಮಾವೊರಿ ನೆಲೆಯಿತ್ತು. ನ್ಗಾತಿ ವೈರೆರೆ ಬುಡಕಟ್ಟಿನವರು ನದಿದಂಡೆಯ ಈ ಭಾಗದಲ್ಲಿ ಬೇಸಾಯ ಮಾಡುತ್ತಿದ್ದರು. 1863–64ರಲ್ಲಿ ಬ್ರಿಟಿಷ್ ಪಡೆಗಳು ವೈಕಾಟೊ ಪ್ರದೇಶದ ಮೇಲೆ ದಂಡೆತ್ತಿ ಬಂದ ನಂತರ ಸುಮಾರು ಹನ್ನೆರಡು ಲಕ್ಷ ಎಕರೆ ಮಾವೊರಿ ಭೂಮಿ ಸರ್ಕಾರದ ವಶವಾಯಿತು. 1864ರಲ್ಲಿ ಸೈನಿಕ ವಸಾಹತಾಗಿ ಹುಟ್ಟಿದ ಹ್ಯಾಮಿಲ್ಟನ್‌ಗೆ ಅದೇ ವರ್ಷ ಗೇಟ್ ಪಾ ಕಾಳಗದಲ್ಲಿ ಸತ್ತ ನೌಕಾಪಡೆಯ ಕ್ಯಾಪ್ಟನ್ ಜಾನ್ ಹ್ಯಾಮಿಲ್ಟನ್ ಹೆಸರನ್ನಿಟ್ಟರು. ಭೂಮಿ ಕಿತ್ತುಕೊಂಡದ್ದಕ್ಕೆ ರಾಜಮುಕುಟದ ಹೆಸರಿನಲ್ಲಿ ನ್ಯೂಜಿಲೆಂಡ್ ಸರ್ಕಾರ ಅಧಿಕೃತವಾಗಿ ಕ್ಷಮೆ ಕೇಳಿ ಪರಿಹಾರ ಒಪ್ಪಿಕೊಂಡದ್ದು 1995ರಲ್ಲಿ.

ವಸಾಹತುಗಾರರ ಕೈಗೆ ಬಂದ ಮೇಲೆ ಈ ಜಾಗ ಬಂದೂಕು ತರಬೇತಿಗೆ, ಮರಳು ತೆಗೆಯುವುದಕ್ಕೆ, ಕೊನೆಗೆ ಊರಿನ ಕಸ ಸುರಿಯುವುದಕ್ಕೆ ಬಳಕೆಯಾಯಿತು. 1960ರಲ್ಲಿ ಅದರ ಒಂದು ಸಣ್ಣ ಭಾಗದಲ್ಲಿ ಉದ್ಯಾನ ಆರಂಭವಾಯಿತು. 1971ರಲ್ಲಿ ಮೊದಲ ವಿಶ್ವ ಗುಲಾಬಿ ಸಮ್ಮೇಳನ ಈ ಊರಿನಲ್ಲೇ ನಡೆದು, ಗುಲಾಬಿ ತೋಟವೊಂದು ರೂಪುಗೊಂಡಿತು. ದೇಶ-ಕಾಲಗಳ ತೋಟಗಳು ಬಂದದ್ದು ಆಮೇಲೆ, ಅದೂ ಒಂದೊಂದಾಗಿ. ನಗರಪಾಲಿಕೆಯ ಹಣದ ಜೊತೆಗೆ ದಾನಿಗಳು, ಸ್ವಯಂಸೇವಕರು, ತೋಟಗಾರಿಕೆ ವಿದ್ಯಾರ್ಥಿಗಳು ಕೈಜೋಡಿಸಿದ್ದರಿಂದ ಇದು ಬೆಳೆಯಿತು. ಕಸದ ಗುಡ್ಡೆಯ ಮೇಲೆ ಊರಿನವರೇ ಕಟ್ಟಿಕೊಂಡ ತೋಟ ಎಂಬ ಹೆಮ್ಮೆ ಸ್ಥಳೀಯರಲ್ಲಿದೆ, ಅದು ನ್ಯಾಯವಾದದ್ದೇ. ಆದರೆ ಕಸದ ಗುಡ್ಡೆಗಿಂತ ಮುಂಚೆಯೂ ಅಲ್ಲಿ ತೋಟವಿತ್ತು ಎಂಬುದನ್ನು ಮರೆತರೆ ಕಥೆ ಅರ್ಧವಾಗುತ್ತದೆ. ಈ ಮರೆವಿಗೆ ಉದ್ಯಾನವೇ ಕೊಟ್ಟಿರುವ ಉತ್ತರ ಮುಂದೆ ಬರುತ್ತದೆ.

ಪರದೇಶದ ತೋಟ ಕಟ್ಟುವ ಪರಂಪರೆ

ಒಂದು ದೇಶದ ತೋಟವನ್ನು ಇನ್ನೊಂದು ದೇಶದಲ್ಲಿ ಕಟ್ಟುವ ಹವ್ಯಾಸ ಹಳೆಯದು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ವಿಲಿಯಂ ಚೇಂಬರ್ಸ್ 1762ರಲ್ಲಿ ಹತ್ತು ಅಂತಸ್ತಿನ ಚೀನೀ ಪಗೋಡ ನಿಲ್ಲಿಸಿದ. ಅದೇ ಕಾಲದಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್ ತನ್ನ ಸಾನ್‌ಸೂಸಿ ಅರಮನೆಯ ತೋಟದಲ್ಲಿ ಚೀನೀ ಮನೆಯೊಂದನ್ನು ಕಟ್ಟಿಸಿದ. ಇವು ಅರಸರ ವಿನೋದಗಳು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ವಿಶ್ವ ವಸ್ತುಪ್ರದರ್ಶನಗಳು ಈ ವಿನೋದವನ್ನು ಜನಸಾಮಾನ್ಯರಿಗೂ ತೆರೆದವು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಜಪಾನ್ ತನ್ನ ತೋಟವನ್ನು ಕಟ್ಟಿ ತೋರಿಸಿತು; ಸ್ಯಾನ್ ಫ್ರಾನ್ಸಿಸ್ಕೋದ ಜಪಾನೀ ಟೀ ಗಾರ್ಡನ್ 1894ರ ಪ್ರದರ್ಶನದಿಂದ ಉಳಿದು ಬಂದದ್ದು. ಆ ಹೊತ್ತಿಗೆ ತೋಟವು ದೇಶವೊಂದರ ಗುರುತುಚೀಟಿಯಾಗಿತ್ತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ‘ಅಸಲಿತನ’ ಎಂಬ ಹೊಸ ಮಾನದಂಡ ಬಂತು. ಕೆನಡಾದ ವ್ಯಾಂಕೂವರ್‌ನಲ್ಲಿ 1986ರಲ್ಲಿ ತೆರೆದ ಸನ್ ಯಾತ್-ಸೆನ್ ಚೀನೀ ಉದ್ಯಾನವನ್ನು ಕಟ್ಟಲು ಚೀನಾದ ಸೂಜೋ ನಗರದಿಂದ 52 ಮಂದಿ ಕುಶಲಕರ್ಮಿಗಳು ಬಂದಿದ್ದರು. ಬರ್ಲಿನ್ನಿನ ಮಾರ್ಜಾನ್ ಬಡಾವಣೆಯಲ್ಲಿರುವ ‘ಜಗತ್ತಿನ ತೋಟಗಳು’ ಎಂಬ ಉದ್ಯಾನ 1987ರಲ್ಲಿ ಪೂರ್ವ ಬರ್ಲಿನ್ನಿನ ತೋಟಗಾರಿಕೆ ಪ್ರದರ್ಶನವಾಗಿ ಆರಂಭವಾಯಿತು. ಎರಡೂ ಜರ್ಮನಿಗಳು ಒಂದಾದ ಮೇಲೆ ಅಲ್ಲಿ ಚೀನೀ ತೋಟ ಬಂದದ್ದು 2000ದಲ್ಲಿ. ಅದಕ್ಕೂ ಕಲ್ಲು, ಮರ, ಕೆಲಸಗಾರರು ಚೀನಾದಿಂದಲೇ ಬಂದರು. ನಂತರ ಜಪಾನ್, ಕೊರಿಯಾ, ಬಾಲಿ, ಇಟಲಿಗಳ ತೋಟಗಳು ಸೇರಿಕೊಂಡವು. ಈ ದಾರಿಯಲ್ಲಿ ಕೆಲಸದ ಕುಸುರಿಗೆ ಖಾತರಿಯಿದೆ. ಆದರೆ ಹೊಸ ಊರಿನ ಬಿಸಿಲು-ಮಳೆಗೂ ಜನರಿಗೂ ತೋಟ ಏನು ಉತ್ತರ ಕೊಡುತ್ತದೆ ಎಂಬ ಪ್ರಶ್ನೆ ಅದರಲ್ಲಿ ಹಿಂದೆ ಸರಿಯುತ್ತದೆ.

ಹ್ಯಾಮಿಲ್ಟನ್ ಇನ್ನೊಂದು ದಾರಿ ಹಿಡಿಯಿತು. ದೇಶಗಳ ಬಾವುಟ ನೆಡುವ ಬದಲು, ತೋಟದ ಇತಿಹಾಸದಲ್ಲಿ ತಿರುವು ತಂದ ಶೈಲಿಗಳನ್ನು ಆರಿಸಿಕೊಂಡು, ಪ್ರತಿ ಶೈಲಿಗೆ ಒಂದು ಕಾಲವನ್ನೂ ಒಂದು ಆಶಯವನ್ನೂ ನಿಗದಿಮಾಡಿ, ಬಹುಪಾಲು ಸ್ಥಳೀಯ ಕೈಗಳಿಂದಲೇ ಕಟ್ಟಿತು. ಇವು ನಕಲುಗಳಲ್ಲ, ವ್ಯಾಖ್ಯಾನಗಳು. ವ್ಯಾಖ್ಯಾನಕ್ಕೆ ತಪ್ಪು ಮಾಡುವ ಸ್ವಾತಂತ್ರ್ಯವಿದೆ. ಜೊತೆಗೆ, ತಾನು ಏನನ್ನು ಬಿಟ್ಟೆ ಎಂಬುದಕ್ಕೆ ಉತ್ತರ ಹೇಳುವ ಹೊಣೆಯೂ ಇದೆ.

ವಿನ್ಯಾಸ: ಗೋಡೆ ಮತ್ತು ಬಾಗಿಲು

ಈ ಉದ್ಯಾನದ ಅತ್ಯಂತ ಯಶಸ್ವಿ ನಿರ್ಧಾರ ಅದರ ಗೋಡೆಗಳು. ‘ಪ್ಯಾರಡೈಸ್’ ಎಂದು ಕರೆಯುವ ಗುಂಪಿನ ಆರು ತೋಟಗಳು ಒಂದು ನಡುವಣ ಅಂಗಳದ ಸುತ್ತ ಸೇರಿವೆ. ನೋಡುಗ ಅಂಗಳದಿಂದ ಒಂದು ಬಾಗಿಲು ದಾಟಿ ಒಂದು ತೋಟಕ್ಕೆ ಹೋಗುತ್ತಾನೆ, ಮತ್ತೆ ಅಂಗಳಕ್ಕೆ ಬಂದು ಇನ್ನೊಂದು ಬಾಗಿಲು ಹಿಡಿಯುತ್ತಾನೆ. ಒಂದು ತೋಟದಲ್ಲಿ ನಿಂತವನಿಗೆ ಪಕ್ಕದ ತೋಟ ಕಾಣುವುದಿಲ್ಲ. ಬಯಲಿನಲ್ಲಿ ಪಗೋಡದ ಪಕ್ಕ ಪಿರಮಿಡ್ಡು, ಅದರ ಪಕ್ಕ ಗಾಳಿಗಿರಣಿ ನಿಲ್ಲಿಸುವ ಮನರಂಜನಾ ಪಾರ್ಕುಗಳಲ್ಲಿ ಎಲ್ಲವೂ ಒಟ್ಟಿಗೇ ಕಣ್ಣಿಗೆ ಬಿದ್ದು, ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ಬಾಗಿಲ ಬಳಿಯ ನಾಲ್ಕು ಹೆಜ್ಜೆಗಳಲ್ಲಿ ಕಣ್ಣು ಹಳೆಯದನ್ನು ಬಿಟ್ಟು ಹೊಸದಕ್ಕೆ ಅಣಿಯಾಗುತ್ತದೆ. ಆವರಣ ಎಂಬುದು ತೋಟದ ಮೊದಲ ಲಕ್ಷಣ ಎಂಬ ಪಾಠವೂ ಯಾವ ಫಲಕದ ಸಹಾಯವಿಲ್ಲದೆ ಮನದಟ್ಟಾಗುತ್ತದೆ.

ಇದೇ ವ್ಯವಸ್ಥೆಯಲ್ಲಿ ಒಂದು ಕೊರತೆಯೂ ಹುಟ್ಟಿದೆ. ತೋಟಗಳ ಇತಿಹಾಸವು ಗೋಡೆಗಳ ಇತಿಹಾಸವಾಗಿರುವಷ್ಟೇ ದಾರಿಗಳ ಇತಿಹಾಸವೂ ಹೌದು. ಪರ್ಷಿಯದ ನಾಲ್ಕು ಭಾಗಗಳ ತೋಟ (ಚಾರ್‌ಬಾಗ್) ಒಂದು ಕಡೆ ಸ್ಪೇನಿಗೂ ಇನ್ನೊಂದು ಕಡೆ ಆಗ್ರಾಕ್ಕೂ ಹೋಯಿತು. ಚೀನಾದ ಕಲ್ಲು-ಕೊಳದ ಕಲ್ಪನೆ ಜಪಾನಿಗೆ ಹೋಗಿ ಬೇರೆ ರೂಪ ತಾಳಿತು. ಇಂಗ್ಲೆಂಡಿನ ಹೂಪಾತಿಗಳು ಅರಳಿದ್ದು ಚೀನಾ, ದಕ್ಷಿಣ ಆಫ್ರಿಕಾ, ಅಮೆರಿಕಗಳಿಂದ ಹಡಗಿನಲ್ಲಿ ಬಂದ ಗಿಡಗಳಿಂದ. ಹ್ಯಾಮಿಲ್ಟನ್‌ನಲ್ಲಿ ಪ್ರತಿ ತೋಟವೂ ತನ್ನಷ್ಟಕ್ಕೆ ಪೂರ್ಣ. ಒಂದು ಇನ್ನೊಂದಕ್ಕೆ ಕೊಟ್ಟದ್ದೇನು, ಪಡೆದದ್ದೇನು ಎಂಬುದನ್ನು ನೋಡುಗ ತಾನೇ ಊಹಿಸಿಕೊಳ್ಳಬೇಕು.

ಚಾರ್‌ಬಾಗ್

ಭಾರತೀಯ ಓದುಗರ ಕುತೂಹಲ ಸಹಜವಾಗಿಯೇ ‘ಇಂಡಿಯನ್ ಚಾರ್‌ಬಾಗ್’ ಕಡೆಗೆ ಹೋಗುತ್ತದೆ. ವಿನ್ಯಾಸ ಸರಳ. ಉದ್ದ-ಅಡ್ಡ ಹರಿಯುವ ಕಾಲುವೆಗಳು ತೋಟವನ್ನು ನಾಲ್ಕು ಭಾಗ ಮಾಡುತ್ತವೆ. ನೀರಿನ ನಡುವೆ ಸಣ್ಣ ಕಾರಂಜಿಗಳು. ನಾಲ್ಕು ಭಾಗಗಳಲ್ಲೂ ಒತ್ತೊತ್ತಾಗಿ ನೆಟ್ಟ ಋತುಮಾನದ ಹೂಗಳು. ತುದಿಯಲ್ಲಿ ಕಮಾನುಗಳುಳ್ಳ ಬಿಳಿಯ ಮಂಟಪ. ಅದರಾಚೆ ಕೆಳಗೆ ವೈಕಾಟೊ ನದಿ. ಮಂಟಪವನ್ನು ನದಿಯ ಕಡೆಗೆ ಇಟ್ಟದ್ದು ಜಾಣತನದ ಕೆಲಸ. ಹುಮಾಯೂನನ ಸಮಾಧಿಯಲ್ಲಿ ಕಟ್ಟಡ ನಾಲ್ಕು ಭಾಗಗಳ ನಟ್ಟನಡುವೆ ಇದೆ. ಆಗ್ರಾದ ಯಮುನಾ ದಂಡೆಯ ತೋಟಗಳಲ್ಲಿ ಮೊಘಲರು ಕಟ್ಟಡವನ್ನು ನೀರಿನಂಚಿಗೆ ಒಯ್ದರು. ತಾಜ್‌ಮಹಲ್ ನಿಂತಿರುವುದೂ ಹಾಗೆಯೇ. ಬಾಬರ್ ಆಗ್ರಾದಲ್ಲಿ ಆರಾಮ್ ಬಾಗ್ ಕಟ್ಟಿಸಿದ ಕಾಲದಿಂದ ನದಿ ಮತ್ತು ತೋಟಗಳ ಈ ನಂಟು ಬೆಳೆಯಿತು. ಹ್ಯಾಮಿಲ್ಟನ್ ತನ್ನ ನದಿಯನ್ನು ಯಮುನೆಯ ಜಾಗದಲ್ಲಿ ನಿಲ್ಲಿಸಿ ಈ ನಂಟನ್ನು ಸರಿಯಾಗಿ ಓದಿಕೊಂಡಿದೆ. ಇಡೀ ಉದ್ಯಾನದಲ್ಲಿ ಸ್ಥಳವೂ ಶೈಲಿಯೂ ಇಷ್ಟು ಚೆನ್ನಾಗಿ ಕೂಡಿಬಂದ ಜಾಗಗಳು ಕಡಿಮೆ.

ಹೂಗಳ ವಿಚಾರದಲ್ಲಿ ಅದೇ ಮಾತು ಹೇಳುವಂತಿಲ್ಲ. ಮೊಘಲರ ತೋಟದಲ್ಲಿ ನಡೆಯುವ ದಾರಿ ಎತ್ತರದಲ್ಲಿರುತ್ತಿತ್ತು, ಪಾತಿಗಳು ತಗ್ಗಿನಲ್ಲಿರುತ್ತಿದ್ದವು. ನಿಂಬೆ, ಕಿತ್ತಳೆ, ದಾಳಿಂಬೆಯಂಥ ಹಣ್ಣಿನ ಗಿಡಗಳು ಅಲ್ಲಿ ಬೆಳೆಯುತ್ತಿದ್ದವು. ನೆರಳು, ಪರಿಮಳ, ಹಣ್ಣು, ನೀರಿನ ತಂಪು ಇವೆಲ್ಲ ಸೇರಿ ಸುಡುವ ಬಯಲಿನ ನಡುವೆ ತೋಟವನ್ನು ಸ್ವರ್ಗ ಮಾಡುತ್ತಿದ್ದವು. ಹ್ಯಾಮಿಲ್ಟನ್‌ನಲ್ಲಿ ಬೇಸಿಗೆಯ ಹಗಲೂ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಚಳಿಗಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ, ವರ್ಷವಿಡೀ ಮಳೆ ಬೀಳುತ್ತದೆ. ನೀರು ಇಲ್ಲಿ ಯಾರ ದಾಹವನ್ನೂ ತಣಿಸಬೇಕಾಗಿಲ್ಲ. ಹಾಗಾಗಿ ಕಾಲುವೆ ಅಲಂಕಾರವಾಗಿದೆ, ಹೂಪಾತಿ ರತ್ನಗಂಬಳಿಯಾಗಿದೆ. ಗಂಬಳಿಯ ಮೇಲೆ ತೋಟದ ಚಿತ್ತಾರ ನೇಯುವ ಪರ್ಷಿಯನ್ ಸಂಪ್ರದಾಯ ನೆನಪಿರುವವರಿಗೆ ಇದು ಸೊಗಸಾದ ತಿರುಗುಮುರುಗು ಅನ್ನಿಸಬಹುದು. ಆದರೆ ನೀರು ಏಕೆ ಅಷ್ಟು ಬೆಲೆಯುಳ್ಳದ್ದಾಗಿತ್ತು ಎಂಬ ಪ್ರಶ್ನೆಯೇ ನೋಡುಗನಿಗೆ ಹೊಳೆಯದಿದ್ದರೆ ಚಾರ್‌ಬಾಗ್‌ನ ತಿರುಳು ಕೈತಪ್ಪಿದಂತೆ. ಬಣ್ಣ ಗೆದ್ದಿದೆ, ಬಿಸಿಲು ಸೋತಿದೆ.

ಹೆಸರಿನ ಸಮಸ್ಯೆ ಇದಕ್ಕಿಂತ ದೊಡ್ಡದು. ಚಾರ್‌ಬಾಗ್ ಪರ್ಷಿಯದಿಂದ ಮಧ್ಯ ಏಷ್ಯಾದ ಮೂಲಕ ಭಾರತಕ್ಕೆ ಬಂದು ಇಲ್ಲಿ ಬೇರೂರಿದ ಶೈಲಿ. ಕನ್ನಡನಾಡಿಗೂ ಅದರ ಟಿಸಿಲು ಬಂದಿದೆ: ಹೈದರಾಲಿ 1760ರಲ್ಲಿ ಬೆಂಗಳೂರಿನ ಲಾಲ್‌ಬಾಗ್ ಆರಂಭಿಸಿದಾಗ ಮಾದರಿಯಾಗಿದ್ದದ್ದು ಶಿರಾದ ಮೊಘಲ್ ತೋಟ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ರೂಪುಗೊಂಡಾಗ ಕಣ್ಣ ಮುಂದಿದ್ದದ್ದು ಕಾಶ್ಮೀರದ ಶಾಲಿಮಾರ್. ಹೀಗಾಗಿ ಚಾರ್‌ಬಾಗನ್ನು ಭಾರತದ್ದು ಎನ್ನುವುದು ತಪ್ಪಲ್ಲ. ಆದರೆ ಭಾರತದ ತೋಟವೆಂದರೆ ಇದೊಂದೇ ಎಂಬ ಭಾವನೆ ಬಂದರೆ ಅದು ತಪ್ಪು. ದೇವಸ್ಥಾನಕ್ಕೆ ಹೂ ಒದಗಿಸುವ ನಂದನವನ, ಬಾಳೆ-ಕರಿಬೇವು-ನುಗ್ಗೆ-ತುಳಸಿಗಳ ಹಿತ್ತಲು, ಅಡಿಕೆ-ಮೆಣಸು-ವೀಳ್ಯ ಒಂದರ ಮೇಲೊಂದು ಬೆಳೆಯುವ ಮಲೆನಾಡಿನ ತೋಟ ಇವು ಯಾವುವೂ ಅರಮನೆಯ ರೇಖಾಗಣಿತಕ್ಕೆ ಸಿಗುವಂಥವಲ್ಲ. ಒಂದು ದೇಶಕ್ಕೆ ಒಂದೇ ಬಾಗಿಲು ಎಂಬ ಲೆಕ್ಕದಲ್ಲಿ ಮೊದಲು ಹೊರಗುಳಿಯುವುದು ಇಂಥ ತೋಟಗಳೇ.

ಚೀನಾ ಮತ್ತು ಜಪಾನ್

ಚೀನೀ ವಿದ್ವಾಂಸರ ತೋಟ ಸೋಂಗ್ ರಾಜವಂಶದ ಕಾಲದ ಮಾದರಿಯದು. ಅಧಿಕಾರದ ಗದ್ದಲದಿಂದ ದೂರ ಸರಿದ ಓದುಗಾರ ಚಿತ್ರ ಬರೆಯುತ್ತ, ಪದ್ಯ ಕಟ್ಟುತ್ತ, ಗೆಳೆಯರೊಡನೆ ಹೊತ್ತು ಕಳೆಯುವ ಜಾಗ ಅದು. ಇಡೀ ತೋಟವನ್ನು ಒಂದೇ ನೋಟದಲ್ಲಿ ಬಿಟ್ಟುಕೊಡದಿರುವುದೇ ಅದರ ಕಟ್ಟಡತಂತ್ರ. ದಾರಿ ತಿರುಗುತ್ತದೆ, ಗೋಡೆ ಅಡ್ಡ ಬರುತ್ತದೆ, ಗೋಡೆಯ ತೂತಿನಿಂದ ಬಿದಿರೋ ಬಂಡೆಯೋ ಇಣುಕುತ್ತದೆ. ಹ್ಯಾಮಿಲ್ಟನ್‌ನ ತೋಟ ಈ ತಂತ್ರವನ್ನು ಚೆನ್ನಾಗಿ ಅರಿತಿದೆ: ವಿಸ್ಟೇರಿಯ ಬಳ್ಳಿ ಹಬ್ಬಿದ ಸೇತುವೆ ದಾಟಿ, ಬಂಡೆಗಳ ನಡುವೆ ಏರಿ ಹೋದವನಿಗೆ ಕೊನೆಯಲ್ಲಿ ನದಿಯ ಮೇಲಿನ ಮಂಟಪ ಸಿಗುತ್ತದೆ. ಸೋದರನಗರ ವೂಶಿ ಉಡುಗೊರೆ ಕೊಟ್ಟ ಕಂಚಿನ ಆಮೆಯೊಂದು ಇಲ್ಲಿದೆ. ನಗರಗಳ ನಡುವಿನ ಸ್ನೇಹದ ಗುರುತು ಅದು. ಪರದೇಶದ ತೋಟಗಳು ಎಷ್ಟೋ ಸಲ ರಾಜತಾಂತ್ರಿಕತೆಯ ಕೂಸುಗಳೂ ಹೌದು ಎಂಬುದನ್ನು ಆ ಆಮೆ ಸದ್ದಿಲ್ಲದೆ ಹೇಳುತ್ತದೆ.

ಪಕ್ಕದ ಜಪಾನೀ ತೋಟ ಹದಿನಾಲ್ಕರಿಂದ ಹದಿನಾರನೆಯ ಶತಮಾನದವರೆಗಿನ ಮುರೊಮಾಚಿ ಕಾಲದ ಝೆನ್ ಮಾದರಿ. ನಡುವೆ ಮರದ ಜಗಲಿಯಿರುವ ಮಂಟಪ. ಒಂದು ಬದಿಗೆ ಗೆರೆ ಎಳೆದ ಬಿಳಿಯ ಜಲ್ಲಿ ಮತ್ತು ಕಲ್ಲು, ಇನ್ನೊಂದು ಬದಿಗೆ ಕೊಳ ಮತ್ತು ಹಸಿರು. ನೀರಿಲ್ಲದ ನೀರು ಒಂದೆಡೆ, ನಿಜವಾದ ನೀರು ಇನ್ನೊಂದೆಡೆ. ಕ್ಯೋಟೊದ ರ್ಯೋಆನ್-ಜಿಯಲ್ಲಿ ಹದಿನೈದು ಕಲ್ಲುಗಳಿವೆ. ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗುತ್ತದೆ. ಅಂಥ ತೋಟ ಕೇಳುವುದು ಕೂತು ನೋಡುವ ವ್ಯವಧಾನವನ್ನು. ಹ್ಯಾಮಿಲ್ಟನ್‌ನ ಸಂಚಾರವಾದರೋ ನಡೆಯುತ್ತ ನೋಡುವಂಥದು. ಇನ್ನೂ ಹತ್ತಾರು ಬಾಗಿಲುಗಳು ಕಾಯುತ್ತಿರುವಾಗ ಜಗಲಿಯ ಮೇಲೆ ಅರ್ಧ ಗಂಟೆ ಕೂರುವವರು ವಿರಳ. ತೋಟ ಸರಿಯಾಗಿದ್ದರೂ ಅದಕ್ಕೆ ಬೇಕಾದ ಕಾಲವನ್ನು ಉದ್ಯಾನದ ಒಟ್ಟು ರಚನೆಯೇ ಕಸಿದುಕೊಳ್ಳುತ್ತದೆ.

ಯೂರೋಪ್ ಮತ್ತು ಅಮೆರಿಕ

ಇಟಲಿಯ ತೋಟದಲ್ಲಿ ಕತ್ತರಿಸಿದ ಪೊದೆಗಳ ಚೌಕಟ್ಟು, ಚಪ್ಪರ, ಕಾರಂಜಿ, ಪ್ರತಿಮೆಗಳು ಅಳತೆಗೆ ತಪ್ಪದೆ ನಿಂತಿವೆ. ಪ್ರಕೃತಿಯನ್ನು ಗಣಿತದಿಂದ ತಿದ್ದಬಹುದು ಎಂಬ ಪುನರುಜ್ಜೀವನ ಕಾಲದ ವಿಶ್ವಾಸ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷ್ ಹೂದೋಟ ‘ಆರ್ಟ್ಸ್ ಅಂಡ್ ಕ್ರಾಫ್ಟ್ಸ್’ ಚಳವಳಿಯ ಕಾಲದ್ದು. ಗರ್ಟ್ರೂಡ್ ಜೀಕಿಲ್ ಅವರಂಥ ತೋಟಗಾತಿಯರು ಚಿತ್ರಕಾರರ ಕಣ್ಣಿನಿಂದ ಬಣ್ಣಗಳನ್ನು ಜೋಡಿಸಿದ ಪರಂಪರೆ ಅದರ ಹಿಂದಿದೆ. ಬೇಲಿಗಳಿಂದ ಕೋಣೆಗಳಾಗಿ ಒಡೆದ ಜಾಗದಲ್ಲಿ ಒಂದೊಂದು ಕಡೆ ಒಂದೊಂದು ಬಣ್ಣದ ಮೇಳ. ಬ್ರಿಟಿಷ್ ಮೂಲದ ವಸಾಹತುಗಾರರ ಊರಿನಲ್ಲಿ ಈ ತೋಟ ಪರದೇಶಿಯಲ್ಲ, ಮನೆಯಂಗಳದ ಹಿರಿಯಣ್ಣ. ನಿರ್ವಹಣೆಯ ನೈಪುಣ್ಯ ಎಲ್ಲಕ್ಕಿಂತ ಹೆಚ್ಚಾಗಿ ಇಲ್ಲೇ ಕಾಣುವುದು ಆಶ್ಚರ್ಯವಲ್ಲ.

ಅಮೆರಿಕನ್ ಮಾಡರ್ನಿಸ್ಟ್ ತೋಟ ಕ್ಯಾಲಿಫೋರ್ನಿಯಾದ ಹಿತ್ತಲ ಸಂಸ್ಕೃತಿಯದು. ಥಾಮಸ್ ಚರ್ಚ್ 1948ರಲ್ಲಿ ಸೊನೋಮದ ಡಾನೆಲ್ ಕುಟುಂಬಕ್ಕೆ ವಿನ್ಯಾಸ ಮಾಡಿಕೊಟ್ಟ ಬಾಗುರೇಖೆಗಳ ಈಜುಕೊಳದ ತೋಟ ಈ ಶೈಲಿಯ ಹೆಸರಾಂತ ಉದಾಹರಣೆ. ಹ್ಯಾಮಿಲ್ಟನ್‌ನಲ್ಲಿ ಕೊಳ, ಒರಗುಕುರ್ಚಿಗಳು, ದಪ್ಪ ಎಲೆಯ ಗಿಡಗಳ ಜೊತೆ ಆಂಡಿ ವಾರ್ಹಾಲ್ ಮಾದರಿಯ ಮರ್ಲಿನ್ ಮನ್ರೋ ಚಿತ್ರವೂ ಇದೆ. ಝೆನ್ ಅಂಗಳದಿಂದ ಬಂದವರು ಇಲ್ಲಿ ನಕ್ಕುಬಿಡುತ್ತಾರೆ. ತೋಟ ಎಂದರೆ ಗಾಂಭೀರ್ಯವೇ ಆಗಬೇಕಿಲ್ಲ, ಕಾಲು ಚಾಚಿ ಕೂರುವ ಜಾಗವೂ ಆಗಬಹುದು ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ.

ಆದರೆ ಆರು ತೋಟಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಾಲದ ಹಂಚಿಕೆಯಲ್ಲಿನ ಅಸಮತೆ ಎದ್ದು ಕಾಣುತ್ತದೆ. ಚೀನಾ, ಜಪಾನ್, ಭಾರತಗಳಿಗೆ ಸಿಕ್ಕಿರುವುದು ಹಳೆಯ ಕಾಲ; ಇಪ್ಪತ್ತನೆಯ ಶತಮಾನ ಅಮೆರಿಕದ ಪಾಲು. ಏಷ್ಯಾ ಎಂದರೆ ಪರಂಪರೆ, ಪಶ್ಚಿಮ ಎಂದರೆ ಆಧುನಿಕತೆ ಎಂಬ ಹಳೆಯ ಎಣಿಕೆಗೆ ತೋಟಗಳೂ ಸಾಕ್ಷಿ ಹೇಳಿದಂತಾಗಿದೆ. ವಾಸ್ತವ ಬೇರೆ. ಮಿರೇ ಶಿಗೆಮೊರಿ 1939ರಲ್ಲೇ ಕ್ಯೋಟೊದ ತೋಫುಕು-ಜಿಯಲ್ಲಿ ಪಾಚಿ ಮತ್ತು ಚೌಕ ಕಲ್ಲುಗಳಿಂದ ನವ್ಯಕಲೆಯಷ್ಟು ಹೊಸದಾದ ತೋಟ ಕಟ್ಟಿದ್ದರು. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ, ಕಟ್ಟಡಗಳ ಅವಶೇಷಗಳಿಂದ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಕಸದ ಗುಡ್ಡೆಯ ಮೇಲೆ ಎದ್ದ ಉದ್ಯಾನವೊಂದಕ್ಕೆ ಕಸದಿಂದಲೇ ಎದ್ದ ಆ ತೋಟ ಹತ್ತಿರದ ನೆಂಟ ಆಗಬಹುದಿತ್ತು.

ಕಲ್ಪನೆಯ ತೋಟಗಳು

ಈ ಬಗೆಯ ಟೀಕೆಗೆ ಉದ್ಯಾನವೇ ಅರ್ಧ ಉತ್ತರವನ್ನು ‘ಫ್ಯಾಂಟಸಿ’ ಎಂಬ ಇನ್ನೊಂದು ಗುಂಪಿನಲ್ಲಿ ಕೊಟ್ಟಿದೆ. ಅದರಲ್ಲಿ ಮುಖ್ಯವಾದದ್ದು ಶಿನ್ವಾಸರಿ ತೋಟ. ಚೀನಾವನ್ನು ಕಣ್ಣಾರೆ ಕಾಣದ ಹದಿನೆಂಟನೆಯ ಶತಮಾನದ ಯೂರೋಪಿಯನ್ನರು ಪಿಂಗಾಣಿ ತಟ್ಟೆಗಳ ಮೇಲಿನ ಚಿತ್ರಗಳನ್ನೂ ಪ್ರವಾಸಿಗರ ವರ್ಣನೆಗಳನ್ನೂ ನಂಬಿ ಕಟ್ಟಿಕೊಂಡ ‘ಚೀನಾ’ ಅದು. ವಿದ್ವಾಂಸರ ತೋಟವನ್ನು ನೋಡಿದವರು ಇದನ್ನೂ ನೋಡಿದಾಗ ಎರಡು ಚೀನಾಗಳ ನಡುವಿನ ದೂರ ತಾನಾಗಿ ತಿಳಿಯುತ್ತದೆ. ಪರದೇಶದ ತೋಟ ಕಟ್ಟುವ ಚಟವನ್ನೇ ಒಂದು ಶೈಲಿಯನ್ನಾಗಿ ಹಿಡಿದು ಪ್ರದರ್ಶನಕ್ಕಿಟ್ಟದ್ದು ಈ ಉದ್ಯಾನದ ಅತ್ಯಂತ ಚುರುಕಾದ ವಿಚಾರ. ತನ್ನ ಕಸುಬಿನ ದೌರ್ಬಲ್ಯವನ್ನು ತಾನೇ ಬಲ್ಲ ಉದ್ಯಾನಗಳು ಹೆಚ್ಚಿಲ್ಲ.

ಉಳಿದವು ಏಕರೂಪವಾಗಿಲ್ಲ. ಟ್ಯೂಡರ್ ತೋಟದಲ್ಲಿ ಗಂಟು ಹಾಕಿದಂತೆ ನೆಟ್ಟ ಪೊದೆಗಳು, ಕಂಬಗಳ ಮೇಲೆ ಲಾಂಛನದ ಮೃಗಗಳು ಇವೆ. ಅಧಿಕಾರ ಪ್ರದರ್ಶನದ ತೋಟವೆಂದು ಅದನ್ನು ಸುಲಭವಾಗಿ ಓದಬಹುದು. ಉಷ್ಣವಲಯದ ತೋಟ ಇನ್ನೊಂದು ಬಗೆಯ ಕಣ್ಕಟ್ಟು: ಚಳಿ ತಡೆಯುವ, ಆದರೆ ಅಗಲ ಎಲೆಗಳಿಂದ ಉಷ್ಣವಲಯದಂತೆ ತೋರುವ ಗಿಡಗಳನ್ನು ಆರಿಸಿ ಕಾಡಿನ ಭ್ರಮೆ ಹುಟ್ಟಿಸಿದ್ದಾರೆ. 2020ರಲ್ಲಿ ತೆರೆದ ಸರ್ರಿಯಲಿಸ್ಟ್ ತೋಟದಲ್ಲಿ ಬಾಗಿಲು, ನಲ್ಲಿಗಳು ಆಳೆತ್ತರವನ್ನೂ ಮೀರಿ ಬೆಳೆದಿವೆ, ಬಳ್ಳಿ ಹೊದ್ದ ಆಕೃತಿಗಳು ಅಲುಗಾಡುತ್ತವೆ. ಮಕ್ಕಳಿಗೆ ಅದು ಹಬ್ಬ. ನ್ಯೂಜಿಲೆಂಡ್‌ನ ಕಥೆಗಾರ್ತಿ ಕ್ಯಾಥರಿನ್ ಮ್ಯಾನ್ಸ್‌ಫೀಲ್ಡ್ ಹೆಸರಿನ ತೋಟ ಆಕೆಯ 1922ರ ‘ದಿ ಗಾರ್ಡನ್ ಪಾರ್ಟಿ’ ಕಥೆಯನ್ನು ಆಧರಿಸಿದೆ. ಮನೆಯ ಮುಂಭಾಗ, ಡೇರೆ, ಟೆನಿಸ್ ಅಂಗಳ ಎಲ್ಲವೂ ಇವೆ. ಆದರೆ ಕಥೆಯ ಜೀವ ಇರುವುದು ಸಿರಿವಂತರ ತೋಟಕೂಟಕ್ಕೂ ಕೆಳಗಿನ ಓಣಿಯ ಬಡ ಕೂಲಿಗಾರನ ಸಾವಿಗೂ ನಡುವಿನ ಕಂದಕದಲ್ಲಿ. ತೋಟ ಕೂಟವನ್ನು ಉಳಿಸಿಕೊಂಡು ಓಣಿಯನ್ನು ಬಿಟ್ಟಿದೆ. 2022ರಲ್ಲಿ ಉದ್ಯಾನಕ್ಕೆ ಸೇರಿದ ಪ್ರಾಚೀನ ಈಜಿಪ್ಟಿನ ತೋಟದಲ್ಲೂ ಬಣ್ಣ ಬಳಿದ ಕಂಬಗಳು, ಆಯಾಕಾರದ ಕೊಳ ಕಣ್ಸೆಳೆಯುತ್ತವೆ; ಗಿಡಗಳಿಗಿಂತ ಕಟ್ಟಡವೇ ಮಾತಾಡುತ್ತದೆ. ಹೊಸದಾಗಿ ಬಂದ ತೋಟಗಳಲ್ಲಿ ಈ ರಂಗಸಜ್ಜಿಕೆಯ ಗುಣ ಹೆಚ್ಚಿದೆ. ಕ್ಯಾಮೆರಾಕ್ಕೆ ಅದು ಅನುಕೂಲ, ತೋಟಕ್ಕೆ ಅಷ್ಟು ಅನುಕೂಲವಲ್ಲ.

ತೆ ಪಾರಾಪಾರಾ

ಈ ಎಲ್ಲದರ ನಡುವೆ ಅತ್ಯಂತ ಗಟ್ಟಿಯಾದ ತೋಟ ಮಾವೊರಿಗಳದ್ದು. ಇದೇ ನೆಲದ ಹಳೆಯ ಹೆಸರನ್ನೇ ಹೊತ್ತ ತೆ ಪಾರಾಪಾರಾ ಯೂರೋಪಿಯನ್ನರು ಬರುವ ಮುಂಚಿನ ಮಾವೊರಿ ಬೇಸಾಯವನ್ನು ತೋರಿಸುತ್ತದೆ. ಕೆತ್ತನೆಯ ಕಂಬಗಳು, ಕಟ್ಟೆಬೇಲಿ, ನೆಲದಿಂದ ಎತ್ತರಿಸಿ ಕಟ್ಟಿದ ಉಗ್ರಾಣ, ಮತ್ತು ಸಾಲುಸಾಲು ಮಣ್ಣಿನ ಗುಪ್ಪೆಗಳಲ್ಲಿ ಕೂಮರ, ಅಂದರೆ ಗೆಣಸು ಇಲ್ಲಿವೆ. ಬೆಳೆಗಳ ಒಡೆಯ ರೊಂಗೊ ದೇವತೆಗೆ ಸಲ್ಲಬೇಕಾದ ವಿಧಿಗಳು ನಾಟಿ ಮತ್ತು ಕೊಯ್ಲಿನೊಂದಿಗೆ ಹೆಣೆದುಕೊಂಡಿದ್ದವು.

ಗೆಣಸು ಬಿಸಿನೆಲದ ಬೆಳೆ. ದಕ್ಷಿಣ ಅಮೆರಿಕದ ಈ ಬಳ್ಳಿ ಯೂರೋಪಿಯನ್ನರು ಶಾಂತಸಾಗರಕ್ಕೆ ಬರುವ ಎಷ್ಟೋ ಮೊದಲೇ ಪಾಲಿನೇಷ್ಯದ ದ್ವೀಪಗಳಿಗೆ ಬಂದಿತ್ತು. ಅಲ್ಲಿಂದ ದೋಣಿಗಳಲ್ಲಿ ನ್ಯೂಜಿಲೆಂಡ್‌ಗೆ ಬಂತು. ಉಷ್ಣದ್ವೀಪಗಳಲ್ಲಿ ವರ್ಷವಿಡೀ ಬೆಳೆಯುವ ಬಳ್ಳಿ ಇಲ್ಲಿ ಮೊದಲ ಹಿಮಕ್ಕೇ ಸಾಯುತ್ತದೆ. ಮಾವೊರಿ ರೈತರು ಅದಕ್ಕೆ ಎರಡು ಉಪಾಯ ಕಂಡುಕೊಂಡರು. ವೈಕಾಟೊ ನದಿಯ ಬಯಲಿನಲ್ಲಿ ಗುಂಡಿ ತೋಡಿ ತೆಗೆದ ಮರಳು-ಜಲ್ಲಿಯನ್ನು ಹೊಲದ ಮಣ್ಣಿಗೆ ಬೆರೆಸಿದರು. ಅದರಿಂದ ನೀರು ಬೇಗ ಬಸಿದು, ಮಣ್ಣು ಬಿಸಿಲಿಗೆ ಬೇಗ ಕಾಯುತ್ತದೆ. ಬಳ್ಳಿಯನ್ನು ಗುಪ್ಪೆಗಳಲ್ಲಿ ನೆಟ್ಟು ಬೇರಿಗೆ ಬೆಚ್ಚಗಿನ ಜಾಗ ಮಾಡಿಕೊಟ್ಟರು. ವಸಂತದ ಕೊನೆಗೆ ನಾಟಿ, ಮಾರ್ಚ್-ಏಪ್ರಿಲ್‌ನಲ್ಲಿ ಕೊಯ್ಲು. ಗೆಡ್ಡೆಗಳನ್ನು ಚಳಿಗಾಲಕ್ಕೆ ನೆಲಮಾಳಿಗೆಯಂಥ ಕಣಜಗಳಲ್ಲಿ ಕೂಡಿಡುತ್ತಿದ್ದರು. ಹಾಗೆ ಕೈಯಾರೆ ತಯಾರಿಸಿದ ಮಣ್ಣಿನ ಪಟ್ಟಿಗಳು ವೈಕಾಟೊ ದಂಡೆಯುದ್ದಕ್ಕೂ ಇಂದಿಗೂ ಗುರುತಿಸಲು ಸಿಗುತ್ತವೆ.

ಪರನೆಲದ ಗಿಡವನ್ನು ಹೊಸ ನೆಲಕ್ಕೆ ಒಗ್ಗಿಸುವುದು ಎಂದರೇನು ಎಂಬುದಕ್ಕೆ ಇಡೀ ಉದ್ಯಾನದಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆಯಿಲ್ಲ. ಚಾರ್‌ಬಾಗ್‌ನಲ್ಲಿ ಆಕಾರ ಬಂದಿದೆ, ಅದರ ಅಗತ್ಯ ಹಿಂದುಳಿದಿದೆ. ಇಲ್ಲಿ ಅಗತ್ಯವೇ ಆಕಾರವನ್ನು ಬದಲಿಸಿದೆ. ‘ಸ್ಥಳೀಯ’ ಎನಿಸಿಕೊಳ್ಳುವ ಈ ತೋಟದ ಮುಖ್ಯ ಬೆಳೆಯೂ ಸಾಗರ ದಾಟಿ ಬಂದದ್ದೇ. ಸಂಕ್ರಾಂತಿಯ ದಿನ ಹಳೆ ಮೈಸೂರಿನ ಮನೆಗಳಲ್ಲಿ ಬೇಯುವ ಗೆಣಸೂ ಅದೇ ಅಮೆರಿಕದ ಬಳ್ಳಿಯ ಇನ್ನೊಂದು ಪಯಣದ ಫಲ. ಯಾವ ಗಿಡ ಯಾವ ದೇಶದ್ದು ಎಂಬ ಪ್ರಶ್ನೆಗೆ ದೇಶದ ಹೆಸರಿನ ಫಲಕದಲ್ಲಿ ಉತ್ತರವಿಲ್ಲ. ಬೆಳೆದವರ ದುಡಿಮೆಯಲ್ಲಿ ಇದೆ.

ದಿಕ್ಕು, ಋತು, ದುಡಿಮೆ

ಉತ್ತರಾರ್ಧಗೋಳದ ತೋಟಗಳನ್ನು ದಕ್ಷಿಣಕ್ಕೆ ತಂದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಚೀನಾದಲ್ಲೂ ಇಂಗ್ಲೆಂಡಿನಲ್ಲೂ ಬಿಸಿಲು ಬರುವುದು ದಕ್ಷಿಣದಿಂದ. ಮನೆ, ಗೋಡೆ, ಹೂಪಾತಿಗಳ ಮುಖವನ್ನು ಅದರಂತೆ ಇಡುತ್ತಾರೆ. ನ್ಯೂಜಿಲೆಂಡ್‌ನಲ್ಲಿ ಸೂರ್ಯ ಇರುವುದು ಉತ್ತರಕ್ಕೆ. ಶಾಸ್ತ್ರದ ದಿಕ್ಕು ಹಿಡಿದರೆ ನೆರಳು, ಬಿಸಿಲು ಹಿಡಿದರೆ ಶಾಸ್ತ್ರಭಂಗ. ಋತುಗಳೂ ತಲೆಕೆಳಗು: ಚೆರ್ರಿ ಅರಳುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ, ಬೇಸಿಗೆಯ ಹೂಗಳಿಗೆ ಡಿಸೆಂಬರ್-ಜನವರಿ. ವಸಂತದೊಂದಿಗೆ ಹೊಸ ವರ್ಷವನ್ನು ಬೆಸೆದ ಸಂಸ್ಕೃತಿಗಳ ತೋಟಗಳು ಇಲ್ಲಿ ಪಂಚಾಂಗದಿಂದ ಕಳಚಿಕೊಂಡಿವೆ. ಇದು ಉದ್ಯಾನದ ತಪ್ಪಲ್ಲ. ಆದರೆ ನೋಡುಗನಿಗೆ ಹೇಳಬೇಕಾದ ಅತ್ಯಂತ ರಸವತ್ತಾದ ಸಂಗತಿ. ಇಂಥ ಉದ್ಯಾನಗಳು ಸಾಮಾನ್ಯವಾಗಿ ಮುಚ್ಚಿಡುವುದೂ ಇದನ್ನೇ.

ದುಡಿಮೆಯ ವಿಚಾರವೂ ಹಾಗೆಯೇ. ಮೊಘಲರ ಕಾಲುವೆಗೆ ನೀರೆತ್ತಿದವರು, ಇಟಲಿಯ ಪೊದೆ ಕತ್ತರಿಸಿದವರು, ಝೆನ್ ಅಂಗಳದ ಜಲ್ಲಿಗೆ ದಿನವೂ ಗೆರೆ ಎಳೆದವರು ತೋಟದ ಇತಿಹಾಸದಲ್ಲಿ ಹೆಸರಿಲ್ಲದವರು. ಹ್ಯಾಮಿಲ್ಟನ್‌ನ ‘ಉತ್ಪಾದಕ’ ಗುಂಪಿನ ತೋಟಗಳು, ಅಂದರೆ ತರಕಾರಿ ತೋಟ, ಮೂಲಿಕೆ ತೋಟ, ಸುಸ್ಥಿರ ಹಿತ್ತಲು ಮತ್ತು ತೆ ಪಾರಾಪಾರಾ ಈ ಕೊರತೆಯನ್ನು ಒಂದಿಷ್ಟು ತುಂಬುತ್ತವೆ. ಅಲ್ಲಿ ಗೊಬ್ಬರ, ಬೀಜ, ಕೊಯ್ಲುಗಳು ಕಣ್ಣಿಗೆ ಬೀಳುತ್ತವೆ. ‘ಪ್ಯಾರಡೈಸ್’ ಗುಂಪಿನಲ್ಲಿ ದುಡಿಮೆ ಮರೆಯಾಗಿ ಫಲಿತಾಂಶ ಮಾತ್ರ ಉಳಿದಿದೆ.

ಆವರಣದೊಳಗಿನ ತೋಟಗಳಿಗೆ ಬಹುಕಾಲ ಪ್ರವೇಶ ಉಚಿತವಾಗಿತ್ತು. 2024ರಿಂದ ನಗರದ ಹೊರಗಿನ ವಯಸ್ಕರಿಗೆ ಶುಲ್ಕ ಬಂದಿದೆ. ಊರಿನವರಿಗೆ ಈಗಲೂ ಉಚಿತ. ಇಷ್ಟೊಂದು ಶೈಲಿಗಳನ್ನು ಅವುಗಳ ಕಟ್ಟುನಿಟ್ಟಿಗೆ ತಕ್ಕಂತೆ ಕಾಪಾಡುವುದು ದುಬಾರಿ ಕೆಲಸವಾದ್ದರಿಂದ ಶುಲ್ಕವನ್ನು ಅರ್ಥಮಾಡಿಕೊಳ್ಳಬಹುದು. ಆದರೆ ಹಣ ಕೊಟ್ಟು ಬಂದವರಿಗೆ ಎಲ್ಲವನ್ನೂ ಒಂದೇ ದಿನ ಮುಗಿಸುವ ಅವಸರ ಇನ್ನಷ್ಟು ಹೆಚ್ಚುತ್ತದೆ. ಊರಿನವರು ಬೇಕೆಂದಾಗ ಬಂದು ಒಂದೇ ತೋಟದಲ್ಲಿ ಕೂತು ಹೋಗಬಹುದು. ಈ ಉದ್ಯಾನದ ಪೂರ್ಣ ಲಾಭ ಸಿಗುವುದು ಅವರಿಗೇ.

ಮೌಲ್ಯ

ಹ್ಯಾಮಿಲ್ಟನ್ ಗಾರ್ಡನ್ಸ್‌ನ ಮೂಲ ಕಲ್ಪನೆ ಅದರ ಬಿಡಿ ತೋಟಗಳಿಗಿಂತ ದೊಡ್ಡದು. ದೇಶವನ್ನಲ್ಲ, ಆಶಯವನ್ನು ನೆಡಬೇಕು ಎಂಬ ನಿರ್ಧಾರ. ಗೋಡೆಗಳಿಂದ ಗಮನವನ್ನು ಹಿಡಿದಿಡುವ ವಿನ್ಯಾಸ. ಶಿನ್ವಾಸರಿಯ ಮೂಲಕ ತನ್ನನ್ನೇ ಪರೀಕ್ಷಿಸಿಕೊಳ್ಳುವ ಧೈರ್ಯ. ತನ್ನ ನೆಲದ ಮೊದಲ ಬೇಸಾಯಗಾರರಿಗೆ ಅಲಂಕಾರದ ಜಾಗವನ್ನಲ್ಲ, ಬೆಳೆಯುವ ಹೊಲವನ್ನೇ ಕೊಟ್ಟದ್ದು. ಈ ನಾಲ್ಕು ಕಾರಣಗಳಿಗಾಗಿ ಅದು ತನ್ನ ಬಗೆಯ ಉದ್ಯಾನಗಳ ಮುಂಚೂಣಿಯಲ್ಲಿ ನಿಲ್ಲುತ್ತದೆ. ಕಲ್ಪನೆಗೆ ತಾನೇ ದ್ರೋಹ ಮಾಡಿಕೊಂಡಿರುವುದು ಹೆಸರುಗಳಲ್ಲಿ ದೇಶವನ್ನು ಮತ್ತೆ ಒಳಗೆ ಬಿಟ್ಟುಕೊಂಡಾಗ, ಏಷ್ಯಾವನ್ನು ಹಳೆಯ ಕಾಲದಲ್ಲೇ ನಿಲ್ಲಿಸಿದಾಗ, ಮತ್ತು ಇತ್ತೀಚಿನ ತೋಟಗಳಲ್ಲಿ ಗಿಡಕ್ಕಿಂತ ರಂಗಸಜ್ಜಿಕೆಯನ್ನು ನೆಚ್ಚಿಕೊಂಡಾಗ.

ಈ ಕೊರತೆಗಳಿಗೆ ಹೊಸ ತೋಟ ಕಟ್ಟುವುದೇ ಪರಿಹಾರವಲ್ಲ. ಈಗಿರುವ ತೋಟಗಳ ನಡುವಿನ ಕೊಡುಕೊಳ್ಳುವಿಕೆಯನ್ನು ತೋರಿಸಿದರೆ, ನೀರು-ಬಿಸಿಲು-ದಿಕ್ಕುಗಳ ವ್ಯತ್ಯಾಸವನ್ನು ಮುಚ್ಚಿಡದೆ ಹೇಳಿದರೆ, ಚಾರ್‌ಬಾಗ್‌ನ ನಾಲ್ಕು ಪಾತಿಗಳಲ್ಲಿ ಒಂದರಲ್ಲಾದರೂ ಹಣ್ಣಿನ ಗಿಡಗಳನ್ನು ಮುಂದಕ್ಕೆ ತಂದರೆ ಬಹಳಷ್ಟು ಸಾಧಿಸಿದಂತೆ. ತೆ ಪಾರಾಪಾರಾ ಈಗಾಗಲೇ ಅಂಥ ಮಾದರಿಯೊಂದನ್ನು ಕಣ್ಣ ಮುಂದೆ ಇಟ್ಟಿದೆ. ಉಳಿದ ತೋಟಗಳನ್ನು ಅದರ ಮಟ್ಟಕ್ಕೆ ಏರಿಸುವುದು ಮುಂದಿನ ಕೆಲಸ.